ಅಣ್ಣನ ಯೆಜ್ಡಿಯನ್ನು ಮತ್ತೆ ಓಡುವಂತೆ ಮಾಡಿದ ಮಂಡಿ ಮೊಹಲ್ಲಾದ ಗ್ಯಾರೇಜ್

ಮೈಸೂರಿನ ಮಂಡಿ ಮೊಹಲ್ಲಾದ ಒಂದು ಅಡ್ಡರಸ್ತೆಯಲ್ಲಿ, ಬೋರ್ಡ್ ಕೂಡ ಇಲ್ಲದ ಸಣ್ಣ ಗ್ಯಾರೇಜಿನಲ್ಲಿ, ಹಳೆಯ ಜಾವಾ ಮತ್ತು ಯೆಜ್ಡಿ ಮೋಟಾರ್ ಸೈಕಲ್‌ಗಳನ್ನಷ್ಟೇ ರಿಪೇರಿ ಮಾಡುವ ಉಸ್ತಾದರೊಬ್ಬರಿದ್ದಾರೆ. ತೀರಿಕೊಂಡ ನನ್ನ ಅಣ್ಣನ ಯೆಜ್ಡಿ ರೋಡ್‌ಕಿಂಗ್ ಗಾಡಿಯನ್ನು ಅವರಲ್ಲಿ ಸರಿಮಾಡಿಸಿಕೊಂಡ ಅನುಭವವನ್ನು, ಇಂಥದೇ ಗಾಡಿಯನ್ನು ಮನೆಯ ಮೂಲೆಯಲ್ಲಿ ನಿಲ್ಲಿಸಿಕೊಂಡು ಏನು ಮಾಡುವುದೆಂದು ತೋಚದೆ ಇರುವವರಿಗಾಗಿ ಬರೆಯುತ್ತಿದ್ದೇನೆ. ಈಗ ಬರುತ್ತಿರುವ ಕೆಲಸವನ್ನೇ ಮುಗಿಸಲು ಆಗುತ್ತಿಲ್ಲವೆಂದು ಅವರು ಹೇಳಿದ್ದರಿಂದ ಹೆಸರು, ಫೋನ್ ನಂಬರು ಕೊಡುತ್ತಿಲ್ಲ. ಆ ಭಾಗದಲ್ಲಿ ಯಾವ ಬಿಡಿಭಾಗದ ಅಂಗಡಿಯಲ್ಲಿ ಕೇಳಿದರೂ ದಾರಿ ತೋರಿಸುತ್ತಾರೆ.

ಗಾಡಿಯ ಪೂರ್ವಾಪರವನ್ನು ಮೊದಲು ಹೇಳಬೇಕು. ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿಯೊಂದಿಗೆ ಮೈಸೂರಿನ ಯಾದವಗಿರಿಯಲ್ಲಿ 1960ರಲ್ಲಿ ಹುಟ್ಟಿಕೊಂಡ ಐಡಿಯಲ್ ಜಾವಾ ಕಾರ್ಖಾನೆಯು ಮುಂದೆ ಯೆಜ್ಡಿ ಎಂಬ ಹೆಸರಿನಲ್ಲಿ ಗಾಡಿಗಳನ್ನು ತಯಾರಿಸಿ, 1996ರಲ್ಲಿ ಬಾಗಿಲು ಹಾಕಿತು. ಅಣ್ಣ ತನ್ನ ಮೊದಲ ವರ್ಷದ ಸಂಬಳವನ್ನು ಕೂಡಿಟ್ಟು, ಉಳಿದದ್ದಕ್ಕೆ ಅಪ್ಪನ ಕೈ ಕಾಲು ಹಿಡಿದು, 1986ರಲ್ಲಿ ಈ ರೋಡ್‌ಕಿಂಗ್ ಕೊಂಡ. ಮಂಡ್ಯದ ನಮ್ಮ ಬೀದಿಗೆ ಅದು ಬಂದ ದಿನದಿಂದ ಅವನನ್ನು ಭಾನುವಾರಗಳಲ್ಲಿ ಮನೆಯಲ್ಲಿ ಕಂಡವರಿಲ್ಲ. ಕುಂತಿಬೆಟ್ಟ, ಕರಿಘಟ್ಟ, ಮೇಲುಕೋಟೆಗಳು ಅವನಿಗೆ ಬೆಳಗಿನ ತಿಂಡಿಗೆ ಮುಂಚಿನ ಊರುಗಳು. ಬಂಡೀಪುರ ದಾಟಿ ಮಸಿನಗುಡಿಯಿಂದ ಊಟಿಗೆ ಹತ್ತುವ ಕಲ್ಲಟ್ಟಿ ಘಾಟಿಯ ಮೂವತ್ತಾರು ತಿರುವುಗಳನ್ನು ಅವನು ಮನೆಯ ಮೆಟ್ಟಿಲುಗಳಂತೆ ಬಲ್ಲವನಾಗಿದ್ದ. 1994ರ ಬೇಸಿಗೆಯಲ್ಲಿ, ಹಾಸನಕ್ಕೆ ಸ್ನೇಹಿತನ ಮನೆಗೆ ಹೋಗುತ್ತೇನೆಂದು ಅಮ್ಮನಿಗೆ ಹೇಳಿ ಹೊರಟವನು ಮನಾಲಿಯಿಂದ ಪತ್ರ ಬರೆದ. ಅಲ್ಲಿಂದ ಮುಂದೆ ಲೇಹ್‌ವರೆಗೂ ಇದೇ ಗಾಡಿಯಲ್ಲಿ ಹೋಗಿ, ಕಪ್ಪಗಾಗಿ, ತುಟಿ ಒಡೆದುಕೊಂಡು, ತುಂಬ ಸಂತೋಷವಾಗಿ ಹಿಂತಿರುಗಿದ. ಅಮ್ಮ ವಾರವಿಡೀ ಅವನೊಡನೆ ಮಾತಾಡಲಿಲ್ಲ. ಆದರೆ ಊಟಕ್ಕೆ ಮಾತ್ರ ದಿನವೂ ಅವನಿಗಿಷ್ಟವಾದದ್ದನ್ನೇ ಮಾಡಿದಳು.

2023ರಲ್ಲಿ ಹೃದಯಾಘಾತವಾಗಿ ಅಣ್ಣ ಹೋದ. ಅವನಿಗೆ ಅರವತ್ತೊಂದು ವರ್ಷ. ಗಾಡಿ ಹಿತ್ತಿಲ ಶೀಟಿನ ಕೆಳಗೆ ಟಾರ್ಪಲ್ ಹೊದ್ದು ನಿಂತಿತು. ತಿಥಿ ಕಳೆಯುವಷ್ಟರಲ್ಲೇ ಕೊಳ್ಳುವವರು ಬರತೊಡಗಿದರು. ಅತ್ತಿಗೆ ಯಾರಿಗೂ ಕೊಡಲಿಲ್ಲ. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದುದರಿಂದ, ಅಣ್ಣನಿಂದಲೇ ಆ ಗಾಡಿ ಓಡಿಸಲು ಕಲಿತಿದ್ದ ನನ್ನ ಪಾಲಿಗೆ ಅದನ್ನು ಮತ್ತೆ ಓಡುವಂತೆ ಮಾಡಿಸುವ ಹೊಣೆ ಬಂತು.

ಮೊದಲು ಕೊಟ್ಟದ್ದು ಬೇರೊಂದು ದೊಡ್ಡ ವರ್ಕ್‌ಶಾಪಿಗೆ. ಎಂಜಿನ್ ಸ್ಟಾರ್ಟ್ ಆದರೂ ಬಿಳಿ ಹೊಗೆ ಬೀದಿ ತುಂಬುತ್ತಿತ್ತು. ಅವರು ಕಾರ್ಬ್ಯುರೇಟರ್ ಹಾಳಾಗಿದೆ ಎಂದು ಹೊಸದನ್ನು ಹಾಕಿದರು, ಹೊಗೆ ನಿಲ್ಲಲಿಲ್ಲ. ಬಳಿಕ ಟ್ಯಾಂಕ್ ಬದಲಿಸಿ, ಪೂರ್ತಿ ಬಣ್ಣ ಬಳಿದು, ಲೆಗ್ ಗಾರ್ಡ್‌ನಿಂದ ಸೈಲೆನ್ಸರ್‌ವರೆಗೆ ಹೊಸದಾಗಿ ಕ್ರೋಮ್ ಮಾಡಿಸಿ ‘ಶೋರೂಮ್ ಪೀಸ್’ ಮಾಡಿಕೊಡುತ್ತೇವೆಂದು ಎಸ್ಟಿಮೇಟ್ ಕೊಟ್ಟರು. ಹಣದ ಮಾತು ಹಾಗಿರಲಿ, ಹಾಗೆ ಮಾಡಿದರೆ ಅಲ್ಲಿ ಉಳಿಯುವುದು ಒಂದು ರೋಡ್‌ಕಿಂಗ್ ಮಾತ್ರ, ಅಣ್ಣನ ರೋಡ್‌ಕಿಂಗ್ ಅಲ್ಲ ಎಂದು ನನಗೆ ಅನ್ನಿಸಿತು. ಗಾಡಿಯನ್ನು ವಾಪಸ್ಸು ತಂದೆ.

ಮಂಡಿ ಮೊಹಲ್ಲಾದ ಉಸ್ತಾದರು ಗಾಡಿಯನ್ನು ಆಟೋದಿಂದ ಇಳಿಸಿದ ಕೂಡಲೇ ಕಿಕ್ ಹೊಡೆಯಲು ಹೋಗಲಿಲ್ಲ. ಇದೇ ನನಗೆ ಅವರಲ್ಲಿ ವಿಶ್ವಾಸ ಹುಟ್ಟಿಸಿದ ಮೊದಲ ಸಂಗತಿ. ಸ್ಟೂಲಿನ ಮೇಲೆ ಕುಳಿತು ಎರಡೂ ಬದಿಯಿಂದ ನೋಡಿದರು. ಎಷ್ಟು ವರ್ಷ ಒಬ್ಬರೇ ಓಡಿಸಿದ್ದು, ಎಲ್ಲಿ ಬಿದ್ದಿತ್ತು, ಪೆಟ್ರೋಲಿಗೆ ಎಷ್ಟು ಎಣ್ಣೆ ಬೆರೆಸುತ್ತಿದ್ದರು ಎಂದು ಕೇಳಿದರು. ಇದು ಟೂ ಸ್ಟ್ರೋಕ್ ಎಂಜಿನ್ ಆದುದರಿಂದ ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಬೇಕು. ಅಣ್ಣ ಲೀಟರಿಗೆ 40 ಮಿಲಿಲೀಟರ್ ಹಾಕುತ್ತಿದ್ದುದು ನನಗೆ ನೆನಪಿತ್ತು. ಉಸ್ತಾದರ ತಂದೆ ಯಾದವಗಿರಿಯ ಕಾರ್ಖಾನೆಯಲ್ಲಿ ಎಂಜಿನ್ ಜೋಡಿಸುವ ವಿಭಾಗದಲ್ಲಿದ್ದವರಂತೆ. ಕೆಲಸ ಶುರುಮಾಡುವ ಮುನ್ನ ಅವರು ಕೇಳಿದ ಕೊನೆಯ ಪ್ರಶ್ನೆ, ‘ಯಾವುದನ್ನ ಮುಟ್ಟಬಾರದು ಹೇಳಿ ತಂಗಿ’ ಎಂಬುದಾಗಿತ್ತು. ಯಾವುದನ್ನು ಮಾಡಬೇಕೆಂದು ಕೇಳುವ ಮೆಕ್ಯಾನಿಕ್‌ಗಳು ಊರ ತುಂಬ ಇದ್ದಾರೆ.

ಅವರ ಕೆಲಸದ ಗುಣವನ್ನು ಎರಡು ವಸ್ತುಗಳಿಂದ ಹೇಳುತ್ತೇನೆ. ಪಕ್ಕದ ಟೂಲ್ ಬಾಕ್ಸಿನಲ್ಲಿ ಪ್ಲಗ್ ಸ್ಪ್ಯಾನರು, ಪಾಯಿಂಟ್ಸ್ ಉಜ್ಜುವ ಕಾಗದ, ಹಳೆಯ ಟ್ಯೂಬಿನ ತುಂಡುಗಳ ಜೊತೆಗೆ ಒಂದು ನಶ್ಯದ ಡಬ್ಬಿಯಿತ್ತು. ತಾತನದ್ದೆಂದು ನೆನಪಿಗಾಗಿ ಇಟ್ಟುಕೊಂಡಿದ್ದಾನೆಂದು ನಾವೆಲ್ಲ ತಿಳಿದಿದ್ದೆವು. ಉಸ್ತಾದರು ಅದನ್ನು ತೆರೆದಾಗ, ಎಣ್ಣೆ ಬಟ್ಟೆಯಲ್ಲಿ ಸುತ್ತಿದ ಹಿತ್ತಾಳೆಯ ಪುಟ್ಟ ಚೂರೊಂದು ಸಿಕ್ಕಿತು. ಅದನ್ನು ಬೆಳಕಿಗೆ ಹಿಡಿದು ತೂತನ್ನು ನೋಡಿ, ‘ನಿಮ್ಮಣ್ಣ ದೊಡ್ಡ ಬೆಟ್ಟಕ್ಕೆ ಹೋಗಿದ್ರಾ, ಹಿಮಾಲಯದ ಕಡೆ?’ ಎಂದು ಕೇಳಿದರು. ನಾನು ಅವರಿಗೆ ಲೇಹ್ ವಿಷಯ ಹೇಳಿಯೇ ಇರಲಿಲ್ಲ. ಅದು ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಹಾಯುವ ಮೈನ್ ಜೆಟ್, ಗಾಡಿಯಲ್ಲಿದ್ದುದಕ್ಕಿಂತ ಕಿರಿದಾದ ತೂತಿನದು. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದ್ದರೆ ರೋಹ್ತಾಂಗ್ ಕಣಿವೆಮಾರ್ಗ ನಾಲ್ಕು ಸಾವಿರ ಮೀಟರಿನ ಹತ್ತಿರದಲ್ಲಿದೆ, ಲೇಹ್ ದಾರಿಯ ತಂಗ್ಲಾಂಗ್ ಲಾ 5,300 ಮೀಟರನ್ನು ಮೀರುತ್ತದೆ. ಅಷ್ಟು ಎತ್ತರದಲ್ಲಿ ಗಾಳಿ ತೆಳುವಾಗಿರುವುದರಿಂದ, ಇಲ್ಲಿನಷ್ಟೇ ಪೆಟ್ರೋಲ್ ಒಳಗೆ ಹೋದರೆ ಪೂರ್ತಿ ಉರಿಯದೆ ಪ್ಲಗ್ ಕಪ್ಪುಗಟ್ಟಿ ಎಂಜಿನ್ ಉಸಿರುಗಟ್ಟುತ್ತದೆ; ಅದಕ್ಕೆ ಜೆಟ್ ಚಿಕ್ಕದು ಮಾಡಬೇಕು. ಅಣ್ಣ ಮನೆಯವರಿಗೆ ಸುಳ್ಳು ಹೇಳಿ ಹೊರಟದ್ದು ನಿಜ, ಆದರೆ ಹುಚ್ಚಾಟಕ್ಕೆ ಹೊರಟವನಲ್ಲ. ಮೂವತ್ತು ವರ್ಷ ನಮ್ಮ ಮನೆಯಲ್ಲಿ ಅವನನ್ನು ‘ಹಿಂದುಮುಂದು ನೋಡದವನು’ ಎಂದೇ ಕರೆದದ್ದು. ಹೊರಡುವ ಮುನ್ನ ಇಷ್ಟನ್ನು ಓದಿ, ಹುಡುಕಿ, ಕೊಂಡು, ಬಟ್ಟೆಯಲ್ಲಿ ಸುತ್ತಿಟ್ಟುಕೊಂಡಿದ್ದವನನ್ನು ನಮಗೆ ಪರಿಚಯಿಸಿದವರು ಈ ಉಸ್ತಾದರು.

ಎರಡನೆಯದು ಕ್ಲಚ್ ಕವರಿನ ಕೆಳಗೆ ಸಿಕ್ಕಿದ್ದು. ಕವರು ಮತ್ತು ಎಂಜಿನ್ ನಡುವೆ ಎಣ್ಣೆ ಸೋರದಂತೆ ಕಾಗದದ ಪ್ಯಾಕಿಂಗ್ ಇರುತ್ತದೆ. ಅಲ್ಲಿದ್ದದ್ದು ಕಂಪನಿಯದಲ್ಲ, ದಪ್ಪ ಕಾಗದವನ್ನು ಕವರಿನ ಅಂಚಿಗೆ ಹಿಡಿದು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕತ್ತರಿಸಿಕೊಂಡದ್ದು. ಎರಡೂ ಕಡೆ ಗ್ರೀಸ್ ಸವರಿದ್ದರಿಂದ ಹರಿಯದೆ ಇಡಿಯಾಗಿ ಬಂತು. ಬಟ್ಟೆಯಿಂದ ಒರೆಸಿದಾಗ ಅಕ್ಷರಗಳು ಕಂಡವು. ಅದು ನನ್ನ ಮದುವೆಯ ಲಗ್ನಪತ್ರಿಕೆ. ಅಪ್ಪನ ಹೆಸರಿನ ಅರ್ಧ, ಛತ್ರದ ಹೆಸರು, ಕೆಳಗೆ ‘ಸುಖಾಗಮನ ಬಯಸುವವರು’ ಎಂಬ ಸಾಲು ಎಣ್ಣೆ ಕುಡಿದು ಕಂದು ಬಣ್ಣಕ್ಕೆ ತಿರುಗಿದ್ದರೂ ಓದುವಂತಿದ್ದವು. ಕೊಡಗಿನ ಕಡೆಯ ನೆಂಟರಿಗೆಲ್ಲ ಪತ್ರಿಕೆ ಕೊಟ್ಟುಬರಲು ಅಣ್ಣ ಮಳೆಯಲ್ಲಿ ಇದೇ ಗಾಡಿಯಲ್ಲಿ ಹೋಗಿದ್ದ, ಹೇಳಿದ್ದಕ್ಕಿಂತ ಒಂದು ದಿನ ತಡವಾಗಿ ಬಂದಿದ್ದ. ಏಕೆಂದು ಕೇಳಿದ್ದಕ್ಕೆ ಕಾಫಿ ತೋಟ ನೋಡುತ್ತಾ ನಿಂತೆ ಎಂದಿದ್ದ. ದಾರಿಯಲ್ಲಿ ಎಲ್ಲೋ ಕವರು ಬಿಚ್ಚಬೇಕಾಗಿ ಬಂದಿರಬೇಕು. ‘ಇದನ್ನ ಮಾಡಿದವರ ಕೈ ಚೆನ್ನಾಗಿತ್ತು ತಂಗಿ, ನೋಡಿ, ಬೋಲ್ಟಿನ ತೂತು ಒಂದೂ ತಪ್ಪಿಲ್ಲ’ ಎಂದು ಉಸ್ತಾದರು ತೋರಿಸಿದರು. ಅವರು ಹೊಸ ಪ್ಯಾಕಿಂಗ್ ಹಾಕಿ, ಹಳೆಯದನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ನನ್ನ ಕೈಗೆ ಕೊಟ್ಟರು. ಬೇರೆ ಯಾರಾದರೂ ಆಗಿದ್ದರೆ ಅದು ಕಸದ ಡಬ್ಬಕ್ಕೆ ಹೋಗುತ್ತಿತ್ತೆಂಬುದರಲ್ಲಿ ನನಗೆ ಅನುಮಾನವಿಲ್ಲ.

ಹೊಗೆಯ ಮೂಲ ಕಾರ್ಬ್ಯುರೇಟರ್ ಆಗಿರಲಿಲ್ಲ. ಪಿಸ್ಟನ್ ತಿರುಗಿಸುವ ದಂಡವಾದ ಕ್ರ್ಯಾಂಕಿನ ಎಡಬದಿಯ ಆಯಿಲ್ ಸೀಲ್, ಅಂದರೆ ಎಣ್ಣೆ ತಡೆಯುವ ರಬ್ಬರ್ ಬಳೆ, ಗಾಡಿ ನಿಂತೇ ಇದ್ದುದರಿಂದ ಒಣಗಿ ಬಿರಿದಿತ್ತು. ಟೂ ಸ್ಟ್ರೋಕ್ ಎಂಜಿನಿನಲ್ಲಿ ಕ್ರ್ಯಾಂಕ್ ಇರುವ ಕೋಣೆಯೂ ಪೆಟ್ರೋಲ್ ಮಿಶ್ರಣವನ್ನು ಒಳಗೆಳೆಯುತ್ತದೆ. ಸೀಲ್ ಬಿಟ್ಟರೆ ಪಕ್ಕದ ಗೇರ್‌ಬಾಕ್ಸಿನ ಎಣ್ಣೆಯನ್ನೂ ಎಳೆದು ಸುಡತೊಡಗುತ್ತದೆ. ಗೇರ್ ಆಯಿಲ್ ಮಟ್ಟ ಇಳಿದಿದೆಯೇ ಎಂದು ನೋಡಿದ್ದರೆ ಯಾರಿಗಾದರೂ ತಿಳಿಯಬೇಕಾದದ್ದು ಇದು. ಸೀಲುಗಳ ಜೊತೆಗೆ ಕನೆಕ್ಟಿಂಗ್ ರಾಡ್ ಕಿಟ್ ಹಾಕಿ, ಬ್ಲಾಕ್ ಬೋರ್ ಮಾಡಿಸಿ ಹೊಸ ಪಿಸ್ಟನ್ ಕೂರಿಸಿದರು. ಎರಡೂ ಸೈಲೆನ್ಸರ್‌ಗಳ ಒಳಗಿನ ಇದ್ದಿಲನ್ನು ಕಾಸ್ಟಿಕ್ ಸೋಡದಲ್ಲಿ ನೆನೆಸಿ ತೆಗೆದರು. ನಾನು ಹೇಳಿದ್ದನ್ನು ಮುಟ್ಟಲಿಲ್ಲ: ಟ್ಯಾಂಕಿನ ಬಲಬದಿಯಲ್ಲಿ ಅಣ್ಣನ ಮೊಣಕಾಲು ತಾಗಿ ತಾಗಿ ಬಣ್ಣ ಹೋಗಿ ಲೋಹ ಕಾಣುವ ಜಾಗ, ಕಲ್ಲಟ್ಟಿಯಲ್ಲಿ ಬಿದ್ದಾಗ ಬಾಗಿದ ಲೆಗ್ ಗಾರ್ಡ್, ಸೀಟಿನ ಹಿಂಬದಿಗೆ ಅವನೇ ಬೆಸುಗೆ ಹಾಕಿಸಿದ ಕ್ಯಾರಿಯರ್. ಸ್ಪೀಡೋಮೀಟರ್ ಕೆಲಸಕ್ಕೆ ಹೊರಗೆ ಕಳಿಸುವಾಗ, ಅಲ್ಲಿಯವರು ಕೇಳದೆಯೇ ಕಿಲೋಮೀಟರನ್ನು ಸೊನ್ನೆಗೆ ತರುತ್ತಾರೆಂದು ಅಂಕಿಯನ್ನು ಚೀಟಿಯಲ್ಲಿ ಬರೆದು ಅಂಟಿಸಿ ಕಳಿಸಿದರು. ಅಣ್ಣ ಓಡಿಸಿದ್ದೆಲ್ಲವೂ ಅದರಲ್ಲಿ ಹಾಗೆಯೇ ಇದೆ.

ಆದರೆ ಎಲ್ಲದಕ್ಕೂ ಅವರು ಹೂಂಗುಟ್ಟುವವರಲ್ಲ. ಬ್ರೇಕ್ ಶೂ, ಕೇಬಲ್‌ಗಳು, ಟೈರು, ಒಳಗಿನ ವೈರಿಂಗ್ ಇವನ್ನು ಪೂರ್ತಿ ಹೊಸದು ಮಾಡದೆ ಗಾಡಿ ಕೊಡುವುದಿಲ್ಲವೆಂದು ಪಟ್ಟು ಹಿಡಿದರು. ಅಣ್ಣ ಬೆಸುಗೆ ಹಾಕಿ ಉಳಿಸಿಕೊಂಡಿದ್ದ ಬ್ರೇಕ್ ಲಿವರ್ ಇರಲಿ ಎಂದು ನಾನು ಕೇಳಿದಾಗ, ‘ಬ್ರೇಕಲ್ಲಿ ಮಾತ್ರ ಸೆಂಟಿಮೆಂಟ್ ಬೇಡ’ ಎಂದು ತೆಗೆದಿಟ್ಟರು. ಅವರ ಮಾತು ಸರಿ.

ಕೊರತೆಗಳೂ ಇವೆ. ಹೇಳಿದ ಗಡುವಿಗೆ ಗಾಡಿ ಸಿಗುವುದಿಲ್ಲ. ಒಂದು ತಿಂಗಳು ಎಂದದ್ದು ಮೂರು ತಿಂಗಳನ್ನು ಮೀರಿತು. ಫೋನ್ ಎತ್ತುವುದು ಅಪರೂಪ, ಖುದ್ದಾಗಿ ಹೋಗಿಯೇ ವಿಚಾರಿಸಬೇಕು. ಬಿಲ್ಲು ಕೇಳಿದ ಮೇಲೆ ಕೈಬರಹದ ಪಟ್ಟಿ ಕೊಟ್ಟರು, ಅದರಲ್ಲಿ ಬಿಡಿಭಾಗ ಬೇರೆ, ಕೂಲಿ ಬೇರೆ ಎಂದು ವಿಂಗಡಿಸಿರಲಿಲ್ಲ. ಒಟ್ಟು ಖರ್ಚು 60,000 ರೂಪಾಯಿಗೆ ಸ್ವಲ್ಪ ಕಡಿಮೆ ಬಂತು. ಬಣ್ಣ, ಕ್ರೋಮ್ ಇಲ್ಲದ ಕೆಲಸಕ್ಕೆ ಇದು ಅಗ್ಗವಲ್ಲ, ಎಂಜಿನ್ ಕೆಲಸವನ್ನು ನೋಡಿದರೆ ದುಬಾರಿಯೂ ಅಲ್ಲ. ಈಗ ಮಾರುಕಟ್ಟೆಯಲ್ಲಿ ಸಿಗುವ ಬಿಡಿಭಾಗಗಳಲ್ಲಿ ನಕಲಿಯೇ ಹೆಚ್ಚು. ಅವರು ಹಾಕಿದ ಹಿಂಬದಿ ದೀಪದ ಗಾಜು ವಾರದೊಳಗೆ ಸೀಳಿತು. ಬದಲಿಸಿಕೊಟ್ಟರು, ಹಣ ತೆಗೆದುಕೊಳ್ಳಲಿಲ್ಲ.

ಗಾಡಿ ಈಗ ಹೇಗೆ ಓಡುತ್ತದೆ ಎಂದರೆ, ನಾಲ್ಕನೇ ಗೇರಿನಲ್ಲಿ ಐವತ್ತರ ವೇಗದಲ್ಲಿ ಎರಡೂ ಸೈಲೆನ್ಸರ್‌ಗಳ ಸದ್ದು ಒಂದಾಗಿ ಸಾಗುತ್ತದೆ, ಎಪ್ಪತ್ತರ ಮೇಲೆ ಹ್ಯಾಂಡಲ್ ನಡುಗುತ್ತದೆ. ಕಿಕ್ಕರ್ ಮತ್ತು ಗೇರ್ ಎರಡೂ ಒಂದೇ ಲಿವರ್ ಆಗಿರುವುದು ಯೆಜ್ಡಿಯ ವಿಶೇಷ. ಅದನ್ನು ಒಳಕ್ಕೆ ಒತ್ತಿ ಮೇಲೆತ್ತಿ ಒದೆಯುವ ಕ್ರಮ ನನ್ನ ಕಾಲಿಗೆ ಮರೆತಿರಲಿಲ್ಲ. ಗೇರ್ ಲಿವರ್ ತುಳಿದಾಗ ಕ್ಲಚ್ ತಾನೇ ಬಿಡುವ ವ್ಯವಸ್ಥೆಯೂ ಸರಿಯಾಗಿ ಹೊಂದಿಕೊಂಡಿದೆ. ವಿ.ಸಿ. ನಾಲೆಯ ಏರಿಯ ಮೇಲೆ ಅಣ್ಣ ನನ್ನನ್ನು ಮುಂದೆ ಕೂರಿಸಿ, ತಾನು ಹಿಂದೆ ಕೂತು, ‘ಸದ್ದು ಕೇಳು, ಮೀಟರ್ ನೋಡಬೇಡ’ ಎಂದು ಕಲಿಸುತ್ತಿದ್ದ ಕಾಲದಲ್ಲಿ ಎರಡನೇ ಗೇರಿನಿಂದ ಮೂರಕ್ಕೆ ಹೋಗುವ ಜಾಗದಲ್ಲಿ ಒಂದು ಸಣ್ಣ ಗೊರಕೆಯಂಥ ಸದ್ದಿತ್ತು. ಎಂಜಿನ್ ಪೂರ್ತಿ ಬಿಚ್ಚಿ ಕಟ್ಟಿದ ಮೇಲೂ ಅದು ಹೋಗಿಲ್ಲ. ಅದನ್ನು ಕೊರತೆಯೆಂದು ನಾನು ಎಣಿಸುವುದಿಲ್ಲ. ದೀಪದ ಬೆಳಕು ಮಾತ್ರ ಈಗಿನ ಹೆದ್ದಾರಿಗೆ ಸಾಲದು. ಈ ಗಾಡಿಯ ವಿದ್ಯುತ್ ವ್ಯವಸ್ಥೆ 6 ವೋಲ್ಟಿನದು, ಕತ್ತಲಾದ ಮೇಲೆ ಓಡಿಸುವವರು ಇದನ್ನು ಗಮನಿಸಬೇಕು.

ಹೋಗುವವರಿಗೆ ಇನ್ನೆರಡು ಮಾತು. ಗಾಡಿಯ ಮಾಲೀಕರು ತೀರಿಕೊಂಡಿದ್ದರೆ ಆರ್‌ಸಿಯನ್ನು ವಾರಸುದಾರರ ಹೆಸರಿಗೆ ಮಾಡಿಸಲು ಮರಣ ಪ್ರಮಾಣಪತ್ರದೊಂದಿಗೆ ನಮೂನೆ 31ರಲ್ಲಿ ಅರ್ಜಿ ಹಾಕಬೇಕು. ನಿಯಮದಲ್ಲಿ ಇದಕ್ಕೆ ಮೂರು ತಿಂಗಳ ಅವಧಿಯಿದೆ, ದುಃಖದಲ್ಲಿ ಆ ಅವಧಿ ಕಳೆದುಹೋಗುವುದು ಸುಲಭ. ಗ್ಯಾರೇಜಿಗೆ ಹೋಗುವಾಗ ಗಾಡಿಯ ಹಳೆಯ ಫೋಟೋಗಳನ್ನೂ, ಸಾಧ್ಯವಾದರೆ ಅದನ್ನು ಓಡಿಸಿದವರನ್ನು ಚೆನ್ನಾಗಿ ಬಲ್ಲ ಒಬ್ಬರನ್ನೂ ಕರೆದುಕೊಂಡು ಹೋಗಿ, ಏಕೆಂದರೆ ಉಸ್ತಾದರು ಕೇಳುವ ಪ್ರಶ್ನೆಗಳಿಗೆ ಉತ್ತರ ಬೇಕಾಗುತ್ತದೆ. ಹೊಳೆಯುವ ಗಾಡಿಯನ್ನು ಪ್ರದರ್ಶನಕ್ಕೆ ಇಡಬೇಕೆಂದಿರುವವರು, ತಾರೀಖಿಗೆ ಸರಿಯಾಗಿ ಕೆಲಸ ಮುಗಿಯಬೇಕೆನ್ನುವವರು ಬೇರೆ ಕಡೆ ಹೋಗುವುದು ಒಳ್ಳೆಯದು. ಅಣ್ಣನ ಮಗ ಜಾವಾ, ಯೆಜ್ಡಿ ಸವಾರರು ಸೇರುವ ಜುಲೈ ಎರಡನೇ ಭಾನುವಾರದ ಜಾವಾ ದಿನಕ್ಕೆ ಈ ಗಾಡಿಯನ್ನೇ ಓಡಿಸಿಕೊಂಡು ಹೋಗಬೇಕೆಂದಿದ್ದಾನೆ. ಅದಕ್ಕೆ ಮುಂಚೆ ಹಿಂದಿನ ಚಕ್ರದ ಕಡ್ಡಿಗಳನ್ನು ಒಮ್ಮೆ ಬಿಗಿ ಮಾಡಿಸಬೇಕು, ಕರೆದುಕೊಂಡು ಬನ್ನಿ ಎಂದು ಉಸ್ತಾದರು ಹೇಳಿ ಕಳಿಸಿದ್ದಾರೆ.