ಟೂಲ್ ಸ್ಟೀಲ್‌ನ ಕಾರ್ಬೈಡ್ ಗುರುತಿಸೋಕೆ ಎಸ್‌ಇ ಮೇಲಾ, ಬಿಎಸ್‌ಇ ಮೇಲಾ?

ಕಾರ್ಬೈಡ್ ಅಂದರೆ ಸ್ಟೀಲ್‌ನೊಳಗೆ ಲೋಹ ಮತ್ತು ಕಾರ್ಬನ್ ಸೇರಿ ಆದ ಗಟ್ಟಿ ಕಣ. ಎಂ2 ಹೈಸ್ಪೀಡ್ ಸ್ಟೀಲ್‌ನ ಒಂದೇ ತುಂಡನ್ನು ಎರಡು ಥರ ತಯಾರು ಮಾಡಿ ಎಸ್‌ಇಎಂನಲ್ಲಿ (ಸ್ಕ್ಯಾನಿಂಗ್ ಎಲೆಕ್ಟ್ರಾನ್ ಮೈಕ್ರೋಸ್ಕೋಪ್) ನೋಡಿದೆ. ಒಂದು ಭಾಗಕ್ಕೆ ನೈಟಲ್ (ನೈಟ್ರಿಕ್ ಆಮ್ಲ ಬೆರೆಸಿದ ಆಲ್ಕೋಹಾಲ್) ಹಚ್ಚಿ ಮೇಲ್ಮೈ ಸ್ವಲ್ಪ ಕೊರೆಯುವಂತೆ ಎಚಿಂಗ್ ಮಾಡಿ, ಉಬ್ಬುತಗ್ಗು ತೋರಿಸುವ ಸೆಕೆಂಡರಿ ಎಲೆಕ್ಟ್ರಾನ್ (ಎಸ್‌ಇ) ಚಿತ್ರ ತೆಗೆದೆ. ಇನ್ನೊಂದನ್ನು ಎಚ್ ಮಾಡಲೇ ಇಲ್ಲ. ಕೊಲಾಯ್ಡಲ್ ಸಿಲಿಕಾ ಪಾಲಿಶ್ ಮುಗಿಸಿ ನೇರ ಬ್ಯಾಕ್‌ಸ್ಕ್ಯಾಟರ್‌ಗೆ (ಬಿಎಸ್‌ಇ) ಹಾಕಿದೆ. ಯಾವ ಕಾರ್ಬೈಡ್ ಯಾವುದು ಅಂತ ತಿಳಿಯಬೇಕಿದ್ದರೆ ಬಿಎಸ್‌ಇ ಮುಂದೆ ಎಸ್‌ಇ ನಿಲ್ಲೋದೇ ಇಲ್ಲ.

ಬಿಎಸ್‌ಇಯಲ್ಲಿ ಭಾರದ ಪರಮಾಣು ಜಾಸ್ತಿ ಇರುವ ಕಡೆ ಬೆಳ್ಳಗೆ ಕಾಣುತ್ತದೆ. ಎಂ2ನಲ್ಲಿ ಸುಮಾರು 6% ಟಂಗ್‌ಸ್ಟನ್, 5% ಮಾಲಿಬ್ಡಿನಮ್, 2% ವನೇಡಿಯಂ ಇರುತ್ತವೆ. ಟಂಗ್‌ಸ್ಟನ್, ಮಾಲಿಬ್ಡಿನಮ್ ತುಂಬಿಕೊಂಡ ಎಂ6ಸಿ (ಎಂ ಅಂದರೆ ಲೋಹ, ಸಿ ಅಂದರೆ ಕಾರ್ಬನ್) ಕಾರ್ಬೈಡ್‌ಗಳು ಬೂದು ಮ್ಯಾಟ್ರಿಕ್ಸ್ (ಸುತ್ತಲ ಸ್ಟೀಲ್) ಮೇಲೆ ಅಕ್ಕಿಕಾಳು ಚೆಲ್ಲಿದ ಹಾಗೆ ಬೆಳ್ಳಗೆ ಎದ್ದು ಕಾಣುತ್ತವೆ. ವನೇಡಿಯಂನ ಎಂಸಿ ಕಾರ್ಬೈಡ್ ಮ್ಯಾಟ್ರಿಕ್ಸ್‌ಗಿಂತ ಕಪ್ಪು. ಎರಡೂ ಒಂದೇ ಫ್ರೇಮ್‌ನಲ್ಲಿ ಸಿಗುತ್ತವೆ. ಎಚ್ ಮಾಡಿದ ಎಸ್‌ಇ ಚಿತ್ರದಲ್ಲಿ ಎಲ್ಲವೂ ಬರೀ ಉಬ್ಬಿದ ಗುಂಡುಗಳು. ಅಂಚುಗಳು ಬೇರೆ ಹೊಳೆಯುತ್ತವೆ, ಹಾಗಾಗಿ ಗಾತ್ರ ಅಳೆದರೆ ನಂಬೋದು ಕಷ್ಟ.

ಆದರೆ ಬಿಎಸ್‌ಇಗೂ ಒಂದು ಕೊರತೆ ಇದೆ. ಎಂಸಿ ಕಾರ್ಬೈಡ್, ಮ್ಯಾಂಗನೀಸ್ ಸಲ್ಫೈಡ್, ಕಾರ್ಬೈಡ್ ಕಿತ್ತುಹೋದ ಗುಳಿ, ಮೂರೂ ಕಪ್ಪಾಗೇ ಕಾಣುತ್ತವೆ. ಅನುಮಾನ ಬಂದ ಜಾಗದಲ್ಲಿ ಎಸ್‌ಇಗೆ ಬದಲಿಸಿ ನೋಡಿ. ಗುಳಿಯಾಗಿದ್ದರೆ ಅಂಚು ಬೆಳ್ಳಗೆ ಉರಿಯುತ್ತದೆ, ಕಾರ್ಬೈಡ್ ಸಮತಟ್ಟಾಗಿರುತ್ತದೆ.

ಡಿ2 ಸ್ಟೀಲ್‌ನಲ್ಲಿ ಮಾತ್ರ ಪೈಪೋಟಿ ಸಮ ಅನ್ನಬಹುದು. ಅಲ್ಲಿ 12% ಕ್ರೋಮಿಯಂ ಇದೆ, ಕಾರ್ಬೈಡ್ ಬಹುಪಾಲು ಎಂ7ಸಿ3. ಕ್ರೋಮಿಯಂ ಕಬ್ಬಿಣಕ್ಕಿಂತ ಸ್ವಲ್ಪವೇ ಹಗುರ, ಜೊತೆಗೆ ಕಾರ್ಬನ್. ಹಾಗಾಗಿ ಕಾರ್ಬೈಡ್ ಮ್ಯಾಟ್ರಿಕ್ಸ್‌ಗಿಂತ ಕಪ್ಪಾದರೂ ಎಂ2ನ ಎಂ6ಸಿಯಷ್ಟು ಕಣ್ಣಿಗೆ ಹೊಡೆಯೋದಿಲ್ಲ. ನೈಟಲ್ ಈ ಕಾರ್ಬೈಡನ್ನು ಮುಟ್ಟೋದಿಲ್ಲ, ಸುತ್ತಲ ಮಾರ್ಟೆನ್ಸೈಟನ್ನಷ್ಟೇ (ಗಟ್ಟಿಗೊಳಿಸಿದ ಸ್ಟೀಲ್‌ನ ಮುಖ್ಯ ರಚನೆ) ತಿನ್ನುತ್ತದೆ. ಅದರಿಂದ ರೋಲಿಂಗ್ ದಿಕ್ಕಿಗೆ ಸಾಲಾಗಿ ಮಲಗಿದ ದೊಡ್ಡ ಕಾರ್ಬೈಡ್‌ಗಳು ಎಸ್‌ಇಯಲ್ಲೂ ಚೆನ್ನಾಗಿ ಕಾಣುತ್ತವೆ. ಮಾರ್ಟೆನ್ಸೈಟ್‌ನ ರಚನೆ ನೋಡೋಕಂತೂ ಎಚ್ ಮಾಡಿದ್ದೇ ವಾಸಿ.

ಇನ್ನು ಇಡಿಎಸ್, ಅಂದರೆ ಹೊರಬರುವ ಎಕ್ಸ್-ರೇ ನೋಡಿ ಯಾವ ಧಾತು ಇದೆ ಅಂತ ಹೇಳುವ ಉಪಕರಣ. ಬಟನ್ ಒತ್ತಿದರೆ ಉತ್ತರ ಬರುತ್ತೆ ಅಂತ ಎಷ್ಟೋ ಜನ ಅಂದುಕೊಂಡಿರುತ್ತಾರೆ, ಅಲ್ವಾ? ಎಂ6ಸಿ ಮೇಲೆ ಕಿರಣ ನಿಲ್ಲಿಸಿದರೆ ಸಾಫ್ಟ್‌ವೇರ್ ಸಲ್ಫರ್ ಇದೆ ಅಂದುಬಿಡಬಹುದು. ಮಾಲಿಬ್ಡಿನಮ್‌ನ ಎಲ್ ಗೆರೆ (ಎಕ್ಸ್-ರೇ ಪೀಕ್), ಸಲ್ಫರ್‌ನ ಕೆ ಗೆರೆ ಎರಡೂ 2.3 ಕಿಲೋ ಎಲೆಕ್ಟ್ರಾನ್ ವೋಲ್ಟ್ ಹತ್ತಿರವೇ ಬರುತ್ತವೆ. ಜೊತೆಗೆ ಮ್ಯಾಂಗನೀಸ್ ಪೀಕ್ ಏರಿದೆಯಾ ನೋಡಿ. ಏರಿಲ್ಲ ಅಂದರೆ ಸಲ್ಫೈಡ್ ಮಾತು ಬಿಟ್ಟುಬಿಡಿ. ಟಂಗ್‌ಸ್ಟನ್-ಸಿಲಿಕಾನ್, ವನೇಡಿಯಂ-ಕ್ರೋಮಿಯಂ ಜೋಡಿಗಳದ್ದೂ ಇದೇ ಗೋಳು. 20 ಕಿಲೋವೋಲ್ಟ್‌ನಲ್ಲಿ ಎಕ್ಸ್-ರೇ ಸುಮಾರು ಒಂದು ಮೈಕ್ರಾನ್ ಜಾಗದಿಂದ ಬರುತ್ತದೆ, ಹಾಗಾಗಿ ಸಣ್ಣ ಕಾರ್ಬೈಡ್‌ನಲ್ಲಿ ಸುತ್ತಲ ಕಬ್ಬಿಣವೂ ಸೇರಿಕೊಳ್ಳುತ್ತದೆ. ಇಡಿಎಸ್ ತೋರಿಸೋ ಕಾರ್ಬನ್ ಶೇಕಡಾವನ್ನು ನಾನು ರಿಪೋರ್ಟ್‌ಗೆ ಹಾಕೋದೇ ಇಲ್ಲ.

ಉಳಿದುಕೊಂಡ ಆಸ್ಟೆನೈಟ್ (ಗಟ್ಟಿಗೊಳಿಸುವಾಗ ಮಾರ್ಟೆನ್ಸೈಟ್ ಆಗದೆ ಉಳಿದ ಭಾಗ) ನೋಡಬೇಕಾದರೆ ಎಸ್‌ಇಯೂ ಸಾಲದು, ಬಿಎಸ್‌ಇಯೂ ಸಾಲದು. ಸ್ಯಾಂಪಲ್‌ನ್ನು 70 ಡಿಗ್ರಿ ಓರೆ ಮಾಡಿ ಇಬಿಎಸ್‌ಡಿ (ಹರಳಿನ ರಚನೆ ಗುರುತಿಸುವ ವಿಧಾನ) ಮಾಡಬೇಕು. ಅದರಲ್ಲೂ ತೆಳು ಪದರಗಳು ತಪ್ಪಿಹೋಗುತ್ತವೆ, ಒಟ್ಟು ಪ್ರಮಾಣಕ್ಕೆ ಎಕ್ಸ್-ರೇ ಡಿಫ್ರಾಕ್ಷನ್ನೇ ಸರಿ. ಟೆಂಪರಿಂಗ್‌ನಲ್ಲಿ (ಗಟ್ಟಿಗೊಳಿಸಿದ ಮೇಲೆ ಮತ್ತೆ ಕಾಯಿಸುವಾಗ) ಹುಟ್ಟುವ ನ್ಯಾನೋಮೀಟರ್ ಗಾತ್ರದ ಕಾರ್ಬೈಡ್‌ಗೆ ಟಿಇಎಂ (ಟ್ರಾನ್ಸ್‌ಮಿಷನ್ ಎಲೆಕ್ಟ್ರಾನ್ ಮೈಕ್ರೋಸ್ಕೋಪ್) ಬೇಕು. ಸ್ಟೀಲ್ ಅಯಸ್ಕಾಂತಕ್ಕೆ ಒಲಿಯುವ ವಸ್ತುವಾದ್ದರಿಂದ ಅಲ್ಲಿ ಕಿರಣವನ್ನೇ ಎಳೆದಾಡಿಸುತ್ತದೆ. ಅದಕ್ಕೇ ನನ್ನ ಆಯ್ಕೆ ಕಾರ್ಬನ್ ರೆಪ್ಲಿಕಾ (ಮೇಲ್ಮೈಗೆ ಹಾಕಿ ಬಿಡಿಸಿ ತೆಗೆಯುವ ತೆಳು ಕಾರ್ಬನ್ ಪದರ): ಕಾರ್ಬೈಡ್‌ಗಳಷ್ಟೇ ಅಂಟಿಕೊಂಡು ಬರುತ್ತವೆ, ಕಬ್ಬಿಣ ಹಿಂದೆಯೇ ಉಳಿಯುತ್ತದೆ.