ವಿಡಿಯೊ, ಅಷ್ಟಾಂಗ, ಅಯ್ಯಂಗಾರ್: ಹೊಸಬಳಾಗಿ ಮೂರನ್ನೂ ಮಾಡಿ ನೋಡಿದೆ

ಯೋಗ ಶುರು ಮಾಡಿದ ದಿನಗಳಲ್ಲಿ ಕಾಲು ಚಾಚಿ ಕೂತು ಮುಂದಕ್ಕೆ ಬಾಗಿದರೆ ನನ್ನ ಬೆರಳು ಮೊಣಕಾಲು ದಾಟಿ ಒಂದು ಗೇಣು ಹೋಗುವಷ್ಟರಲ್ಲಿ ನಿಂತುಬಿಡುತ್ತಿತ್ತು. ಅದೇ ಬಿಗಿ ಮೈಯಲ್ಲೇ ಒಂದು ವರ್ಷ ಮೂರು ದಾರಿ ಹಿಡಿದು ನೋಡಿದ್ದೇನೆ: ಮೊದಲು ಮನೆಯಲ್ಲಿ ವಿಡಿಯೊ, ಆಮೇಲೆ ಅಷ್ಟಾಂಗ ವಿನ್ಯಾಸ ಕ್ಲಾಸು, ಕೊನೆಗೆ ಅಯ್ಯಂಗಾರ್ ಪದ್ಧತಿ.

ವಿಡಿಯೊದ ಅನುಕೂಲ ಎಲ್ಲರಿಗೂ ಗೊತ್ತು. ನಮಗೆ ಬೇಕಾದ ಹೊತ್ತು, ಬೇಕಾದಲ್ಲಿ ನಿಲ್ಲಿಸಬಹುದು. ಆದರೆ ಅಧೋಮುಖ ಶ್ವಾನಾಸನದಲ್ಲಿ ತಲೆ ಕೆಳಗಿರಬೇಕು, ಪರದೆ ಮಾತ್ರ ಪಕ್ಕದಲ್ಲಿರುತ್ತದೆ. ಮತ್ತೆ ಮತ್ತೆ ಕತ್ತು ತಿರುಗಿಸಿ ನೋಡುತ್ತಾ ಎರಡೇ ವಾರದಲ್ಲಿ ಕತ್ತು ಹಿಡಿದುಕೊಂಡಿತು. ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದು. ನಾವು ವಿಡಿಯೊ ನೋಡುತ್ತೇವೆ, ವಿಡಿಯೊ ನಮ್ಮನ್ನು ನೋಡುವುದಿಲ್ಲ. ಅಂಗೈ, ಕಾಲ್ಬೆರಳುಗಳ ಮೇಲೆ ಮೈಯನ್ನು ನೆಲಕ್ಕೆ ತಾಗದಂತೆ ಹಿಡಿಯುವ ಚತುರಂಗ ದಂಡಾಸನದಲ್ಲಿ ನನ್ನ ಭುಜ ಮೊಣಕೈಗಿಂತ ಕೆಳಗೆ ಇಳಿಯುತ್ತಿದೆ ಎಂದು ಎರಡು ತಿಂಗಳು ನನಗೆ ಗೊತ್ತೇ ಆಗಲಿಲ್ಲ.

ಅದು ಗೊತ್ತಾದದ್ದು ಅಷ್ಟಾಂಗ ಕ್ಲಾಸಿನಲ್ಲಿ. ಇಲ್ಲಿ ಆಸನಗಳ ಕ್ರಮ ಬದಲಾಗುವುದಿಲ್ಲ. ಸೂರ್ಯನಮಸ್ಕಾರದಲ್ಲಿ ಎ, ಬಿ ಎಂದು ಎರಡು ಬಗೆ. ಎ-ಯಲ್ಲಿ 9 ವಿನ್ಯಾಸ (ಉಸಿರಿನ ಜೊತೆ ಸಾಗುವ ಚಲನೆ), ಬಿ-ಯಲ್ಲಿ 17. ಮುಂದಿನ ಆಸನಗಳಲ್ಲಿ ಸಾಮಾನ್ಯವಾಗಿ ಐದೈದು ಉಸಿರು, ಅದೂ ಗಂಟಲಲ್ಲಿ ಮೆಲ್ಲಗೆ ಸದ್ದಾಗುವಂತೆ. ಮೈ ಬಿಸಿಯಾಗಿ ಬೆವರು ಇಳಿಯುವಾಗ ಮನಸ್ಸು ಬೇರೆಲ್ಲೂ ಹೋಗುವುದಿಲ್ಲ. ಆ ಸುಖ ನನಗೆ ಬೇರೆ ಎರಡರಲ್ಲೂ ಸಿಕ್ಕಿಲ್ಲ. ಆದರೆ ನಾನು ಸೇರಿದ್ದು ಎಲ್ಲರಿಗೂ ಒಟ್ಟಿಗೆ ಎಣಿಕೆ ಹೇಳುವ ಕ್ಲಾಸು. ‘ಚತ್ವಾರಿ’ ಎಂದಾಗ ನಾನಿನ್ನೂ ಕಾಲು ಹಿಂದಕ್ಕೆ ಹಾಕುತ್ತಿದ್ದೆ, ‘ಪಂಚ’ ಎಂದಾಗ ಎದೆ ಎತ್ತುವ ಬದಲು ಸುಮ್ಮನೆ ನೆಲಕ್ಕೆ ಬೀಳುತ್ತಿದ್ದೆ. ಎಣಿಕೆ ಹಿಡಿಯುವ ಆತುರದಲ್ಲಿ ಮಣಿಕಟ್ಟು ನೋವು ಬಂತು. ಒಬ್ಬೊಬ್ಬರೂ ತಮ್ಮ ಉಸಿರಿನ ವೇಗದಲ್ಲೇ ಮಾಡುವ, ಗುರು ಒಂದೊಂದಾಗಿ ಮುಂದಿನ ಆಸನ ಕೊಡುವ ಮೈಸೂರು ಶೈಲಿಯ ಕ್ಲಾಸು ಹುಡುಕಬೇಕಿತ್ತು ಅಂತ ಈಗ ಅನ್ನಿಸುತ್ತದೆ.

ಅಯ್ಯಂಗಾರ್ ಕ್ಲಾಸಿನ ಮೊದಲ ದಿನ ತಾಡಾಸನಕ್ಕೇ ಹತ್ತು ನಿಮಿಷ ಹೋಯಿತು. ಸುಮ್ಮನೆ ನಿಲ್ಲುವುದಕ್ಕೆ ಇಷ್ಟೊಂದು ಹೇಳಬೇಕೆ ಅನ್ನಿಸಿತ್ತು. ಕಾಲು ಚಾಚಿ ಕೂತು ಮುಂದಕ್ಕೆ ಬಾಗುವ ಪಶ್ಚಿಮೋತ್ತಾನಾಸನ ಬಂದಾಗ ಟೀಚರ್ ನನ್ನನ್ನು ಮಡಚಿದ ಎರಡು ಕಂಬಳಿಯ ಅಂಚಿನ ಮೇಲೆ ಕೂರಿಸಿ, ಪಾದಕ್ಕೆ ಬೆಲ್ಟ್ ಸುತ್ತಿ, ಎರಡೂ ತುದಿ ನನ್ನ ಕೈಗೆ ಕೊಟ್ಟರು. ‘ಬಾಗಬೇಡಿ, ಎದೆ ಎತ್ತಿ, ಅಷ್ಟೇ’ ಎಂದರು. ತೊಡೆಯ ಹಿಂಭಾಗ ಬಿಗಿಯಿದ್ದರೆ ಅದು ಸೊಂಟದ ಮೂಳೆಯನ್ನು ಹಿಂದಕ್ಕೆ ಎಳೆಯುತ್ತದೆ, ಆಗ ಬಾಗುವುದೆಲ್ಲ ಬೆನ್ನು. ಕೂರುವ ಜಾಗ ಎತ್ತರವಾದರೆ ಸೊಂಟ ಮುಂದಕ್ಕೆ ವಾಲುತ್ತದೆ. ಆವತ್ತು ಮೊದಲ ಸಲ ನನ್ನ ಕೆಳಬೆನ್ನು ನೋಯಲಿಲ್ಲ, ಎಳೆತ ತೊಡೆಯಲ್ಲೇ ಇತ್ತು. ಒಂದು ನಿಮಿಷ ಹಾಗೇ ಕೂತಾಗ ಯೋಗಸೂತ್ರದ ಪತಂಜಲಿಯ ‘ಸ್ಥಿರಸುಖಮಾಸನಮ್’ (ಆಸನ ಸ್ಥಿರವಾಗಿ, ಸುಖವಾಗಿ ಇರಬೇಕು) ಎಂಬ ಮಾತು ನನ್ನಂಥವರಿಗೂ ಅನ್ವಯಿಸುತ್ತದೆ ಅನ್ನಿಸಿತು. ಬೆವರು ಕಡಿಮೆ, ಒಂದೇ ಭಂಗಿಯಲ್ಲಿ ಹೆಚ್ಚು ಹೊತ್ತು ಇರಬೇಕು. ಚುರುಕಾಗಿ ಓಡಾಡುವ ಸ್ವಭಾವದವರಿಗೆ ಬೇಸರ ಬರಬಹುದು.

ಅಷ್ಟಾಂಗ ವಿನ್ಯಾಸವನ್ನು ಕಲಿಸಿದ ಪಟ್ಟಾಭಿ ಜೋಯಿಸರೂ ಅಯ್ಯಂಗಾರ್ ಪದ್ಧತಿಯ ಬಿ.ಕೆ.ಎಸ್. ಅಯ್ಯಂಗಾರರೂ ಕಲಿತದ್ದು ಒಬ್ಬರೇ ಗುರು ಕೃಷ್ಣಮಾಚಾರ್ಯರ ಬಳಿ. ಅಯ್ಯಂಗಾರರು ಬಾಲ್ಯದಲ್ಲಿ ಕ್ಷಯ, ಮಲೇರಿಯಾಗಳಿಂದ ನರಳಿದವರು. ಆಗದ ಮೈಗೆ ಆಸರೆ ಕೊಡುವ ಈ ಕಂಬಳಿ, ಬೆಲ್ಟುಗಳನ್ನು ನೋಡಿದಾಗಲೆಲ್ಲ ನನಗೆ ಅದು ನೆನಪಾಗುತ್ತದೆ.

ಹೊಸಬರು ಕೇಳಿದರೆ ನಾನು ಹೇಳುವುದು ಇಷ್ಟು: ಮೈ ಬಿಗಿ ಇದ್ದರೆ, ವಯಸ್ಸು ಮೂವತ್ತು ದಾಟಿದ್ದರೆ, ಮೊದಲ ನಾಲ್ಕು ತಿಂಗಳು ಅಯ್ಯಂಗಾರ್ ಕ್ಲಾಸಿಗೇ ಹೋಗಿ. ಅಷ್ಟಾಂಗ ಆಮೇಲೆ. ಕಲಿತದ್ದನ್ನು ಮನೆಯಲ್ಲಿ ಮತ್ತೆ ಮಾಡಲು ವಿಡಿಯೊ ಸಾಕು, ಕಲಿಯಲು ಸಾಲದು. ಬಿಪಿ, ಬೆನ್ನುನೋವು ಇರುವವರು, ಬಸುರಿಯರು ವಿಡಿಯೊ ಒಂದನ್ನೇ ನಂಬಬೇಡಿ. ವೈದ್ಯರನ್ನು ಕೇಳಿ, ಟೀಚರಿಗೂ ಮೊದಲೇ ಹೇಳಿ.

ಮೊನ್ನೆ ಬೆಲ್ಟ್ ಇಲ್ಲದೆ ಕಾಲಿನ ಹೆಬ್ಬೆರಳು ಕೈಗೆ ಸಿಕ್ಕಿತು. ತುಂಬಾ ಖುಷಿಯಾಯಿತು. ಟೀಚರ್ ಬಂದು ಬೆನ್ನಿನ ಮೇಲೆ ಅಂಗೈ ಇಟ್ಟು ನೋಡಿ, ‘ಬೆನ್ನು ಗೂನಾಗಿದೆ’ ಎಂದು ಬೆಲ್ಟ್ ಮತ್ತೆ ಕೈಗೆ ಕೊಟ್ಟರು.