ಒಂದೇ ಗದ್ದೆಯ ಭತ್ತ, ನಾಲ್ಕು ದಾರಿ: ಬನವಾಸಿ ಸೀಮೆಯ ಒಂದು ವರ್ಷದ ಲೆಕ್ಕ

ಭತ್ತವನ್ನು ಎಲ್ಲಿ ಮಾರಿದಿರಿ ಎಂದು ಕೇಳಿದರೆ ನಮ್ಮ ಬನವಾಸಿ ಸೀಮೆಯಲ್ಲಿ ಸಿಗುವ ಉತ್ತರ ಬಹುಮಟ್ಟಿಗೆ ಕ್ವಿಂಟಾಲಿನ ದರವೇ ಆಗಿರುತ್ತದೆ. ಇಷ್ಟಕ್ಕೆ ಹೋಯಿತು, ಅಷ್ಟಕ್ಕೆ ಹೋಗಬೇಕಿತ್ತು ಎಂಬಲ್ಲಿಗೆ ಮಾತು ಮುಗಿಯುತ್ತದೆ. ಆ ಕ್ವಿಂಟಾಲು ಹಸಿಯದೋ ಒಣಗಿದ್ದೋ, ಚೀಲ ಹೊತ್ತವರಿಗೆ ಕೊಟ್ಟದ್ದೆಷ್ಟು, ಹಣ ಕೈಗೆ ಬಂದದ್ದು ಯಾವಾಗ ಎಂಬುದನ್ನು ಯಾರೂ ಕೂಡಿಸಿ ಹೇಳುವುದಿಲ್ಲ. ನಾನೂ ಬಹಳ ವರ್ಷ ಹಾಗೆಯೇ ಮಾರಿದವನು. 2024ರ ಸುಗ್ಗಿಯಲ್ಲಿ ಮಾತ್ರ ಮೂರು ಎಕರೆ ಗದ್ದೆಯ ಜಯಾ ತಳಿಯ ಭತ್ತದಲ್ಲಿ ಮನೆಯ ಊಟಕ್ಕೆ ಬೇಕಾದಷ್ಟನ್ನು ತೆಗೆದಿಟ್ಟು, ಉಳಿದ 42 ಕ್ವಿಂಟಾಲನ್ನು ಬೇಕೆಂದೇ ನಾಲ್ಕು ಪಾಲು ಮಾಡಿ ನಾಲ್ಕು ಕಡೆ ಮಾರಿದೆ ಮತ್ತು ಪ್ರತಿಯೊಂದು ಖರ್ಚನ್ನೂ ಮಗಳ ಹಳೆಯ ನೋಟುಪುಸ್ತಕದಲ್ಲಿ ಬರೆದಿಟ್ಟೆ.

ಲೆಕ್ಕಕ್ಕೆ ಮೊದಲು ತೇವಾಂಶದ ಮಾತನ್ನು ಹೇಳಲೇಬೇಕು, ಏಕೆಂದರೆ ಉಳಿದ ಎಲ್ಲ ಅಂಕಿಗಳೂ ಅದರ ಮೇಲೆಯೇ ನಿಂತಿವೆ. ಕಟಾವು ಯಂತ್ರದಿಂದ ಇಳಿದ ಭತ್ತದಲ್ಲಿ ಆ ದಿನ ಶೇ. 21ರಷ್ಟು ತೇವವಿತ್ತು. ಅದರಲ್ಲಿ 12 ಕ್ವಿಂಟಾಲನ್ನು ಹಸಿಯಾಗಿಯೇ ಮಾರಿ, ಉಳಿದ 30 ಕ್ವಿಂಟಾಲನ್ನು ತಾಡಪತ್ರಿಯ ಮೇಲೆ ಮೂರು ದಿನ ಒಣಗಿಸಿ, ಜೊಳ್ಳು ತೂರಿ ಅಳೆದಾಗ ಸಿಕ್ಕಿದ್ದು ಶೇ. 14ರ ತೇವದ 27 ಕ್ವಿಂಟಾಲ್. ಅಂದರೆ ಹತ್ತು ಕ್ವಿಂಟಾಲ್ ಹಸಿ ಭತ್ತವೆಂದರೆ ನಿಜವಾಗಿ ಒಂಬತ್ತೇ ಕ್ವಿಂಟಾಲ್. ಒಣಗಿಸಿ ತೂರಿದ ಕೂಲಿ 2,700 ರೂಪಾಯಿ, ಕ್ವಿಂಟಾಲಿಗೆ 100 ರೂಪಾಯಿ ಬಿತ್ತು. ಈ ಎರಡು ಅಂಕಿಗಳನ್ನು ಇಟ್ಟುಕೊಳ್ಳದೆ ಗದ್ದೆಯಲ್ಲಿ ಕೇಳುವ ದರವನ್ನೂ ಗಿರಣಿಯಲ್ಲಿ ಕೇಳುವ ದರವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವುದು ತಪ್ಪು. ಮುಂದೆ ನಾನು ಹೇಳುವ ಕೊನೆಯ ಮೊತ್ತಗಳೆಲ್ಲವೂ ಒಣಗಿದ, ಶುದ್ಧ ಭತ್ತದ ಒಂದು ಕ್ವಿಂಟಾಲಿಗೆ ಖರ್ಚು ಕಳೆದು ಕೈಯಲ್ಲಿ ಉಳಿದದ್ದು.

ಮೊದಲ ಪಾಲು ಗದ್ದೆಗೇ ಬರುವ ವ್ಯಾಪಾರಿಗೆ ಹೋಯಿತು. ಕಟಾವು ಯಂತ್ರ ಊರಿಗೆ ಬಂದ ಮರುದಿನವೇ ಇಂಥವರು ಲಾರಿ, ಚೀಲ, ತೂಕದ ಯಂತ್ರ, ಹಮಾಲರು ಎಲ್ಲವನ್ನೂ ತಂದುಕೊಂಡು ಬರುತ್ತಾರೆ. ಮೋಡ ಕವಿದಿದ್ದರೆ ಮಾತು ಬೇಗ ಮುಗಿಯುತ್ತದೆ. "ಮಾರಾಯ್ರೇ, ನಾಳೆ ಮಳೆ ಬಂದ್ರೆ ಈ ದರಾನೂ ಇಲ್ಲ" ಎಂದು ಅವರು ಹೇಳಿದಾಗ, ಅದು ಬೆದರಿಕೆಯಲ್ಲ, ನಿಜವೇ ಎಂದು ನಮಗೂ ಗೊತ್ತಿರುತ್ತದೆ. ಆ ವರ್ಷ ಆಕಾಶ ತಿಳಿಯಾಗಿತ್ತು, ಕೊಳ್ಳುವವರೂ ಇಬ್ಬರಿದ್ದರು. ಹಸಿ ಕ್ವಿಂಟಾಲಿಗೆ 1,850 ರೂಪಾಯಿಯಂತೆ, ಕ್ವಿಂಟಾಲಿಗೆ ಎರಡು ಕೆ.ಜಿ. ತೂಕ ಮುರಿದು, 12 ಕ್ವಿಂಟಾಲಿಗೆ 21,756 ರೂಪಾಯಿ ಬಂತು. ಅರ್ಧ ಹಣ ಅಂದೇ ಸಿಕ್ಕಿತು, ಉಳಿದದ್ದು ಒಂಬತ್ತನೆಯ ದಿನ. ನನ್ನ ಕಡೆಯಿಂದ ಒಂದು ರೂಪಾಯಿ ಖರ್ಚಿಲ್ಲ. ಆ ಹಸಿ ಭತ್ತ ಒಣಗಿದ್ದರೆ 10.8 ಕ್ವಿಂಟಾಲ್ ಆಗುತ್ತಿತ್ತು, ಆದ್ದರಿಂದ ಒಣ ಲೆಕ್ಕದಲ್ಲಿ ಕ್ವಿಂಟಾಲಿಗೆ 2,014 ರೂಪಾಯಿ ಬಿದ್ದಂತಾಯಿತು. ಕೇಳುವಾಗ ಎಲ್ಲಕ್ಕಿಂತ ಕಡಿಮೆಯೆನಿಸಿದ ದರ ಇದೇ ಆಗಿತ್ತು.

ಹಾಗೆಂದು ಈ ದಾರಿಯನ್ನು ನಾನು ಯಾರಿಗೂ ಕಣ್ಣುಮುಚ್ಚಿ ಹೇಳಲಾರೆ. 2021ರ ನವೆಂಬರಿನಲ್ಲಿ ಅಕಾಲದ ಮಳೆ ಬಿದ್ದಾಗ ಕೊಯ್ದು ಹಾಕಿದ ಭತ್ತ ಗದ್ದೆಯಲ್ಲೇ ನೆನೆದು ಮೊಳಕೆಯೊಡೆಯಿತು. ಬೆಂಬಲ ಬೆಲೆ 1,940 ರೂಪಾಯಿ ಇದ್ದ ಆ ವರ್ಷ ಕಪ್ಪಾದ ಭತ್ತವನ್ನು ನಾನು 1,250ಕ್ಕೆ ಕೊಟ್ಟೆ, ಏಕೆಂದರೆ ಗದ್ದೆಗೆ ಬಂದವರು ಒಬ್ಬರೇ, ಒಣಗಿಸಲು ಬಿಸಿಲೂ ಇರಲಿಲ್ಲ, ಮಾಡಿನಡಿ ಹರಡಲು ಜಾಗವೂ ಇರಲಿಲ್ಲ. ಗದ್ದೆಯಲ್ಲಿ ಮಾರುವವನ ಬಲವೆಲ್ಲ ಆ ದಿನದ ಆಕಾಶ ಮತ್ತು ಎರಡನೆಯ ವ್ಯಾಪಾರಿ ಇದ್ದಾನೋ ಇಲ್ಲವೋ ಎಂಬುದರಲ್ಲಿದೆ. ಗೊಬ್ಬರಕ್ಕೆಂದು ಆಷಾಢದಲ್ಲೇ ಅವರಿಂದ ಮುಂಗಡ ಪಡೆದಿದ್ದರಂತೂ ಎರಡನೆಯವನನ್ನು ಕೇಳುವ ಮಾತೇ ಬರುವುದಿಲ್ಲ.

ಎರಡನೆಯ ಪಾಲು, 9 ಕ್ವಿಂಟಾಲ್, ಪಕ್ಕದ ತಾಲ್ಲೂಕಿನ ದೊಡ್ಡ ಅಕ್ಕಿ ಗಿರಣಿಗೆ. ಅಲ್ಲಿಯ ವ್ಯವಹಾರ ಅಚ್ಚುಕಟ್ಟು: ತೇವ ನೋಡುವ ಯಂತ್ರವನ್ನು ನಮ್ಮೆದುರೇ ಹಿಡಿದರು, ತೂಕದ ಚೀಟಿ ಕೊಟ್ಟರು, ದರ 2,120 ರೂಪಾಯಿ. ಕ್ವಿಂಟಾಲಿಗೆ ಒಂದು ಕೆ.ಜಿ. ಮುರಿದು 18,889 ರೂಪಾಯಿ ಆಯಿತು. ಗಾಡಿ ಬಾಡಿಗೆ 900, ಹಮಾಲಿ 180, ಒಣಗಿಸಿದ ಕೂಲಿ 900 ಕಳೆದರೆ ಕ್ವಿಂಟಾಲಿಗೆ ಉಳಿದದ್ದು 1,879. ಹಣ ಬ್ಯಾಂಕಿಗೆ ಬರಲು ಮೂರು ವಾರ ಹಿಡಿಯಿತು. ಲಾರಿಗಟ್ಟಲೆ ಭತ್ತವಿದ್ದವರಿಗೆ ಇದು ಒಳ್ಳೆಯ ಜಾಗ, ಹದಿನೈದು ಚೀಲದವನಿಗಲ್ಲ.

ಮೂರನೆಯದು ಸರ್ಕಾರದ ಬೆಂಬಲ ಬೆಲೆಯ ಖರೀದಿ ಕೇಂದ್ರ. ಇದರ ಬಗ್ಗೆ ಹೆಚ್ಚು ಬರೆಯುತ್ತೇನೆ, ಏಕೆಂದರೆ ನಮ್ಮಲ್ಲಿ ಅರ್ಧ ಜನ ಇದನ್ನು ಹೊಗಳುತ್ತಾರೆ, ಇನ್ನರ್ಧ ಜನ ಅತ್ತ ತಲೆ ಹಾಕಿಯೇ ಇಲ್ಲ. 2024-25ರ ಸಾಲಿಗೆ ಸಾಮಾನ್ಯ ಭತ್ತದ ಬೆಲೆ 2,300 ರೂಪಾಯಿ, 'ಎ' ದರ್ಜೆಗೆ 2,320. ಹಿಂದಿನ ವರ್ಷದ 2,183ಕ್ಕೆ ಹೋಲಿಸಿದರೆ ಒಳ್ಳೆಯ ಏರಿಕೆಯೇ. ಆದರೆ ಆ ಬೆಲೆಯವರೆಗೆ ತಲುಪುವ ಮೆಟ್ಟಿಲುಗಳು ಸುಗ್ಗಿಗೆ ಬಹಳ ಮೊದಲೇ ಆರಂಭವಾಗುತ್ತವೆ. ರೈತರ ನೋಂದಣಿಗೆಂದು ಸರ್ಕಾರ ಮಾಡಿದ ಫ್ರೂಟ್ಸ್ ತಂತ್ರಾಂಶದಲ್ಲಿ ರೈತನ ಗುರುತಿನ ಸಂಖ್ಯೆ ಇರಬೇಕು, ಬೆಳೆ ಸಮೀಕ್ಷೆಯಲ್ಲಿ ಆ ಸರ್ವೆ ನಂಬರಿನಲ್ಲಿ ಭತ್ತವೆಂದೇ ದಾಖಲಾಗಿರಬೇಕು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು, ಗೊತ್ತುಮಾಡಿದ ದಿನಗಳೊಳಗೆ ಹೆಸರು ನೋಂದಾಯಿಸಬೇಕು. ನಮ್ಮ ಪಹಣಿ ನನ್ನ ಮತ್ತು ತಮ್ಮನ ಜಂಟಿ ಹೆಸರಿನಲ್ಲಿರುವುದರಿಂದ ನನ್ನ ಪಾಲಿನ ಎಕರೆಯಷ್ಟಕ್ಕೆ ಮಾತ್ರ ಲೆಕ್ಕ ಹಿಡಿದರು, ಅದನ್ನು ಸರಿಪಡಿಸಿಕೊಳ್ಳಲು ಎರಡು ದಿನ ಓಡಾಡಿದೆ. ಗುತ್ತಿಗೆಗೆ ಗದ್ದೆ ಮಾಡುವವರಿಗೆ, ಅಜ್ಜನ ಹೆಸರಿನಲ್ಲೇ ಪಹಣಿ ಉಳಿದುಹೋದ ಮನೆಗಳಿಗೆ ಈ ಬಾಗಿಲು ತೆರೆಯುವುದೇ ಇಲ್ಲ. ಬೆವರು ಸುರಿಸಿದವನಿಗೆ ಬೆಲೆ ಸಿಗಬೇಕೆಂದು ಮಾಡಿದ ವ್ಯವಸ್ಥೆಯಲ್ಲಿ ಬೆವರಿಗಿಂತ ದಾಖಲೆ ಮುಂದೆ ನಿಲ್ಲುವುದನ್ನು ಕಂಡರೆ ಈಗಲೂ ನೋವಾಗುತ್ತದೆ.

ಗುಣಮಟ್ಟದ ನಿಯಮಗಳನ್ನು ಮಾತ್ರ ನಾನು ದೂರುವುದಿಲ್ಲ, ಅವು ಮೊದಲೇ ಎಲ್ಲರಿಗೂ ಗೊತ್ತಿರುವಂಥವು: ತೇವ ಶೇ. 17 ಮೀರಬಾರದು, ಜೊಳ್ಳು ಮತ್ತು ಬಲಿಯದ ಕಾಳು ಶೇ. 3 ಮೀರಬಾರದು. ಇಲ್ಲಿ ನಾನೇ ಒಂದು ತಪ್ಪು ಮಾಡಿದೆ. ಶೇ. 17ರವರೆಗೆ ತೆಗೆದುಕೊಳ್ಳುವ ಕಡೆಗೆ ಶೇ. 14ಕ್ಕೆ ಒಣಗಿಸಿದ ಭತ್ತವನ್ನು ಒಯ್ದೆ. ಒಂಬತ್ತು ಕ್ವಿಂಟಾಲಿನಲ್ಲಿ ಸುಮಾರು 32 ಕೆ.ಜಿ. ತೂಕವನ್ನು, ಅಂದರೆ 700 ರೂಪಾಯಿಗೂ ಹೆಚ್ಚನ್ನು, ನನ್ನ ಅಂಗಳದ ಬಿಸಿಲಿಗೆ ಬಿಟ್ಟುಕೊಟ್ಟಂತಾಯಿತು. ಮಾರುವ ಜಾಗವನ್ನು ಮೊದಲು ನಿಶ್ಚಯಿಸಿ ಆಮೇಲೆ ಎಷ್ಟು ಒಣಗಿಸಬೇಕೆಂದು ನಿಶ್ಚಯಿಸಬೇಕು ಎಂಬುದು ಅಂದು ತಿಳಿಯಿತು.

ಕೇಂದ್ರದಲ್ಲಿ ಮೊದಲ ದಿನ ಸರತಿ ಮುಗಿಯಲಿಲ್ಲ, ಗಾಡಿಯನ್ನು ರಾತ್ರಿ ಅಲ್ಲಿಯೇ ನಿಲ್ಲಿಸಬೇಕಾಯಿತು. 9 ಕ್ವಿಂಟಾಲಿಗೆ 20,700 ರೂಪಾಯಿ ಬಂತು, ಒಂದು ಕೆ.ಜಿ.ಯನ್ನೂ ಮುರಿಯಲಿಲ್ಲ. ಆದರೆ ಬಾಡಿಗೆ 1,400, ಗಾಡಿ ಕಾದದ್ದಕ್ಕೆ 500, ಹಮಾಲಿ 216, ನೋಂದಣಿಯ ಓಡಾಟ 600, ಒಣಗಿಸಿದ್ದು 900, ಇಷ್ಟು ಕಳೆದರೆ ಕ್ವಿಂಟಾಲಿಗೆ 1,898 ರೂಪಾಯಿ. ಬಹುತೇಕ ಗಿರಣಿಯಷ್ಟೇ. ಹಣ ಖಾತೆಗೆ ಬಂದದ್ದು 47ನೆಯ ದಿನ. ಸಹಕಾರಿ ಸಂಘದ ಬೆಳೆ ಸಾಲವನ್ನು ಗಡುವಿನೊಳಗೆ ಕಟ್ಟದಿದ್ದರೆ ಶೂನ್ಯ ಬಡ್ಡಿಯ ಸೌಲಭ್ಯ ತಪ್ಪುತ್ತದೆಯಾದ್ದರಿಂದ ಆ 47 ದಿನಗಳನ್ನು ಎಣಿಸುತ್ತಲೇ ಕಳೆದೆವು.

ಆದರೂ ಈ ಅಂಕಿಯನ್ನು ಹಿಡಿದು ಕೇಂದ್ರವನ್ನು ತಳ್ಳಿಹಾಕುವುದು ನ್ಯಾಯವಲ್ಲ. ಅಲ್ಲಿಯ ಖರ್ಚಿನಲ್ಲಿ ಬಹುಪಾಲು ಚೀಲ ಹೆಚ್ಚಾದರೂ ಹೆಚ್ಚದ ಖರ್ಚು. ನನ್ನ 27 ಕ್ವಿಂಟಾಲನ್ನೂ ಒಂದೇ ಟ್ರ್ಯಾಕ್ಟರಿನಲ್ಲಿ 2,200 ರೂಪಾಯಿ ಬಾಡಿಗೆಗೆ ಒಯ್ದಿದ್ದರೆ, ಎಲ್ಲ ಖರ್ಚು ಕಳೆದು ಕ್ವಿಂಟಾಲಿಗೆ 2,054 ಉಳಿಯುತ್ತಿತ್ತು, ಗದ್ದೆಯ ವ್ಯಾಪಾರಿಯ ದರಕ್ಕಿಂತ 40 ರೂಪಾಯಿ ಹೆಚ್ಚು. ಇನ್ನೊಂದು ಉಪಕಾರವೂ ಇದೆ: ಕೇಂದ್ರ ತೆರೆಯುತ್ತದೆಂಬ ಸುದ್ದಿ ಬಂದ ಮೇಲೆ ಗದ್ದೆಗೆ ಬರುವವರೂ ತೀರಾ ಕೆಳಗಿನ ದರ ಕೇಳುವುದಿಲ್ಲ. ಕಷ್ಟವೆಂದರೆ ಕಟಾವು ನವೆಂಬರಿನಲ್ಲಿ ಮುಗಿದರೂ ಖರೀದಿ ತಡವಾಗಿ ಶುರುವಾಗುತ್ತದೆ, ಅಲ್ಲಿಯವರೆಗೆ ಭತ್ತವನ್ನು ಇಲಿಯಿಂದಲೂ ಇಬ್ಬನಿಯಿಂದಲೂ ಕಾಯಬೇಕು.

ಶಿರಸಿಯ ಎಪಿಎಂಸಿ ಪ್ರಾಂಗಣವನ್ನು ಏಕೆ ಬಿಟ್ಟಿರಿ ಎಂದು ಕೇಳುವವರಿದ್ದಾರೆ. ಅದು ಅಡಿಕೆಯ ಪೇಟೆ. ಶಿರಸಿಯಲ್ಲಿ ತೋಟಗಾರರ ಸಹಕಾರಿ ಮಾರಾಟ ಸಂಘ 1923ರಲ್ಲೇ ಹುಟ್ಟಿಕೊಂಡಿತು. ಅಡಿಕೆ ಬೆಳೆದವನು ಮಾಲನ್ನು ಸಂಘದಲ್ಲಿಟ್ಟು, ಟೆಂಡರಿನ ದರ ನೋಡಿ, ಬೇಡವೆನಿಸಿದರೆ ಕಾಯಬಹುದು. ಮಲೆನಾಡಿನ ಒಂದು ಬೆಳೆಗೆ ಇಷ್ಟು ವರ್ಷಗಳಿಂದ ಇರುವ ಈ ಆಸರೆ, ಅದೇ ತಾಲ್ಲೂಕಿನ ಪೂರ್ವದ ಬಯಲಿನಲ್ಲಿ ವರದಾ ನದಿಯ ನೆರೆಯನ್ನು ಎದುರಿಸಿ ಬೆಳೆಯುವ ಭತ್ತಕ್ಕೆ ಸಿಗಲಿಲ್ಲ.

ನಾಲ್ಕನೆಯ ಪಾಲನ್ನು ಭತ್ತವಾಗಿ ಮಾರದೆ ಅಕ್ಕಿ ಮಾಡಿಸಿದೆ. ಊರ ಸಣ್ಣ ಗಿರಣಿಯಲ್ಲಿ 9 ಕ್ವಿಂಟಾಲಿಗೆ 540 ಕೆ.ಜಿ. ಅಕ್ಕಿ, 38 ಕೆ.ಜಿ. ನುಚ್ಚು, ಸುಮಾರು 70 ಕೆ.ಜಿ. ತೌಡು ಸಿಕ್ಕಿತು. ಹತ್ತು ಕೆ.ಜಿ.ಯ ಚೀಲ ಕಟ್ಟಿ ಶಿರಸಿ ಪೇಟೆಯ ಪರಿಚಯದ ಮನೆಗಳಿಗೆ ಕೆ.ಜಿ.ಗೆ 44 ರೂಪಾಯಿಯಂತೆ ಕೊಟ್ಟೆವು. ಈ ಕೆಲಸದಲ್ಲಿ ನನಗಿಂತ ನನ್ನ ಹೆಂಡತಿಯ ಪಾಲು ದೊಡ್ಡದು, ಯಾವ ಮನೆಗೆ ಅಕ್ಕಿ ಯಾವಾಗ ಮುಗಿಯುತ್ತದೆಂದು ಅವಳಿಗೆ ಬಾಯಿಪಾಠ. 480 ಕೆ.ಜಿ. ಏಪ್ರಿಲಿನೊಳಗೆ ಹೋಯಿತು. ಕೊನೆಯ 60 ಕೆ.ಜಿ.ಗೆ ಜೂನಿನ ತಂಡಿಗೆ ಹುಳು ಹಿಡಿಯಿತು, ಹಸನು ಮಾಡಿ 35ಕ್ಕೆ ಕೊಟ್ಟೆವು. ಒಮ್ಮೆಗೇ ಅಕ್ಕಿ ಮಾಡಿಸಿದ್ದೇ ತಪ್ಪು, ಭತ್ತವಾಗಿಯೇ ಇಟ್ಟು ತಿಂಗಳಿಗೆ ಬೇಕಾದಷ್ಟನ್ನೇ ಗಿರಣಿಗೆ ಒಯ್ಯಬೇಕಿತ್ತು.

ಅಕ್ಕಿ ಮತ್ತು ನುಚ್ಚಿನಿಂದ ಒಟ್ಟು 24,170 ರೂಪಾಯಿ. ಗಿರಣಿಯ ಕೂಲಿ, ಗಾಡಿ, ಚೀಲ, ಮನೆಮನೆಗೆ ಮುಟ್ಟಿಸಿದ್ದು, ಒಣಗಿಸಿದ್ದು ಸೇರಿ 5,928 ಕಳೆದರೆ ಭತ್ತದ ಕ್ವಿಂಟಾಲಿಗೆ 2,027 ಉಳಿಯಿತು. ತೌಡನ್ನು ನಮ್ಮ ಎರಡು ಆಕಳುಗಳಿಗೆ ಹಾಕಿದೆವು, ಅದನ್ನು ಪೇಟೆಯಲ್ಲಿ ಕೊಂಡಿದ್ದರೆ ಕೊಡಬೇಕಿದ್ದ 1,400 ರೂಪಾಯಿಯನ್ನೂ ಸೇರಿಸಿದರೆ 2,182 ಆಗುತ್ತದೆ. ಮನೆಯವರ ದುಡಿಮೆಗೆ ನಾನು ಕೂಲಿ ಹಾಕಿಲ್ಲ, ಹಾಕಿದರೆ ಈ ಅಂಕಿ ಖಂಡಿತ ಇಳಿಯುತ್ತದೆ. ಕೊಟ್ಟಿಗೆಯಲ್ಲಿ ಆಕಳಿಲ್ಲದ, ಪೇಟೆಯಲ್ಲಿ ಪರಿಚಯವಿಲ್ಲದ ಮನೆಗೆ ಈ ದಾರಿಯಲ್ಲಿ ಲಾಭವಿಲ್ಲ.

ಕುಮಟಾ ಕಡೆಯ ನನ್ನ ಭಾವನ ಮನೆಯಲ್ಲಿ ಮಾತ್ರ ಅಕ್ಕಿ ಮಾಡಿ ಮಾರುವುದು ಬಿಟ್ಟು ಬೇರೆ ದಾರಿಯನ್ನು ಅವರು ಯೋಚಿಸುವುದೇ ಇಲ್ಲ. ಅಘನಾಶಿನಿ ನದಿಯ ಹಿನ್ನೀರಿನ ಗಜನಿಯಲ್ಲಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗಿನ ಗದ್ದೆಯಲ್ಲಿ, ಅವರು ಬೆಳೆಯುವುದು ಉಪ್ಪುನೀರನ್ನು ತಡೆಯುವ ಕಗ್ಗ ಭತ್ತ. ಕೆಂಪಕ್ಕಿಯ ರುಚಿ ಬಲ್ಲವರು ಮನೆಬಾಗಿಲಿಗೇ ಬಂದು ಒಯ್ಯುತ್ತಾರೆ. ಬೆಳೆ ಕಡಿಮೆ, ಕೇಳುವವರು ಹೆಚ್ಚು, ಆದ್ದರಿಂದ ದರ ಹೇಳುವವರು ಅವರೇ. ನಮ್ಮ ಜಯಾಕ್ಕೆ ಆ ಭಾಗ್ಯವಿಲ್ಲ, ಅದು ಎಲ್ಲ ಅಂಗಡಿಯಲ್ಲೂ ಸಿಗುವ ಅಕ್ಕಿ.

ಮುಂದಿನ ಸುಗ್ಗಿಗೆ ನೆರೆಯ ಮೂರು ಮನೆಯವರೊಂದಿಗೆ ಮಾತಾಡಿ ಒಂದೇ ಟ್ರ್ಯಾಕ್ಟರಿನಲ್ಲಿ ಕೇಂದ್ರಕ್ಕೆ ಹೋಗುವುದೆಂದು ನಿಶ್ಚಯಿಸಿದೆವು, ನಾಲ್ವರ ನೋಂದಣಿಯೂ ಒಂದೇ ದಿನ ಆಗುವಂತೆ ಪಹಣಿಗಳನ್ನು ಮಳೆಗಾಲದಲ್ಲೇ ನೋಡಿಕೊಂಡೆವು. ಮೋಡವಿದ್ದರೆ ಹತ್ತು ಹನ್ನೆರಡು ಕ್ವಿಂಟಾಲನ್ನು ಗದ್ದೆಯಲ್ಲೇ ಕೊಡುವುದು, ಸಂಘದ ಸಾಲಕ್ಕೆ ಆ ಹಣವನ್ನು ತೆಗೆದಿಡುವುದು. ಕೇಂದ್ರಕ್ಕೆ ಹೋಗುವ ರಾಶಿಯನ್ನು ಶೇ. 16ರ ಆಸುಪಾಸಿನಲ್ಲಿ ಎತ್ತಿಡುವುದು, ಮನೆಗಳಿಗೆ ಕೊಡುವ ಆರು ಕ್ವಿಂಟಾಲನ್ನು ಇನ್ನೂ ಒಂದು ಬಿಸಿಲು ತೋರಿಸಿ ಬೇರೆ ಚೀಲಗಳಲ್ಲಿ ತುಂಬಿ ಅಟ್ಟಕ್ಕೆ ಏರಿಸುವುದು. ತೇವ ಅಳೆಯುವ ಸಣ್ಣ ಯಂತ್ರವೊಂದನ್ನು ನಾಲ್ಕು ಮನೆಯವರೂ ಹಣ ಹಾಕಿ ಕೊಂಡಿದ್ದೇವೆ. ಸದ್ಯ ಅದು ನಮ್ಮ ಜಗುಲಿಯ ಕಪಾಟಿನಲ್ಲಿದೆ.